ಗಡಿಯಾಚೆಗಿನ ಟೀ: ಸೇಂಟ್ ಆಂಡ್ರೂಸ್‌ನ 17ನೇ ಹೋಲ್, ಒಂದು ಪ್ರಕರಣ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಅಲ್ಲಿನ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ 16ನೇ ಹೋಲ್ (ಮೊದಲ ಹೊಡೆತದಿಂದ ಚೆಂಡು ಕುಳಿಗೆ ಬೀಳುವ ತನಕದ ಒಂದು ಸುತ್ತು) ಆಡುವಾಗ ಬಲಗಡೆ ಗಡಿ ಜೊತೆಜೊತೆಗೇ ಬರುತ್ತದೆ. ಚೆಂಡು ಅದರಾಚೆ ಬಿದ್ದರೆ ಔಟ್ ಆಫ್ ಬೌಂಡ್ಸ್. ಒಂದು ಹೊಡೆತದ ದಂಡ ತೆರಬೇಕು, ಮೊದಲು ಹೊಡೆದ ಜಾಗಕ್ಕೇ ಹೋಗಿ ಮತ್ತೆ ಹೊಡೆಯಬೇಕು. ಹಾಗಾಗಿ ಎಲ್ಲರೂ ಆ ಕಡೆ ಒಂದು ಕಣ್ಣಿಟ್ಟು, ಹುಷಾರಾಗಿ ಎಡಕ್ಕೇ ಆಡಿಕೊಂಡು ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಮುಟ್ಟುತ್ತಾರೆ.

ಗಾಲ್ಫ್‌ನ ದೊಡ್ಡ ಸ್ಪರ್ಧೆಗಳಲ್ಲೊಂದಾದ ಓಪನ್ ಚಾಂಪಿಯನ್‌ಶಿಪ್ 2010ರಲ್ಲಿ ಇಲ್ಲಿ ನಡೆದಾಗ ಅದೇ ಆಟಗಾರರು 16 ಮುಗಿಸಿ, ಚೆಂಡನ್ನು ಜೇಬಿಗೆ ಹಾಕಿಕೊಂಡು, ಅದೇ ಗಡಿಯನ್ನು ಕಾಲ್ನಡಿಗೆಯಲ್ಲಿ ದಾಟಿದರು. ಹಳೆಯ ರೈಲು ದಾರಿಯ ಆಚೆ, ಪ್ರಾಕ್ಟೀಸ್ ಮೈದಾನದ ನೆಲದಲ್ಲಿ 17ನೇ ಹೋಲ್‌ಗೆ ಹೊಸ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ, ಮಾಡಿಟ್ಟಿದ್ದರು. ಚೆಂಡು ಹೋಗಬಾರದ ಜಾಗದಿಂದಲೇ ಮುಂದಿನ ಹೋಲ್ ಶುರು.

ಗಾಲ್ಫ್‌ನಲ್ಲಿ ವಿಚಿತ್ರ ಟೀಗಳು ಬೇಕಾದಷ್ಟಿವೆ. ಮರಗಳ ಸಂದಿಯಿಂದ ಹೊಡೆಯಬೇಕಾದವು, ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಬಿಟ್ಟು ಪೊದೆಯ ಕಡೆ ಮುಖ ಮಾಡಿದವು, ಪಕ್ಕದ ಗ್ರೀನ್‌ನಲ್ಲಿ ಪಟ್ ಮಾಡುವವರ (ಚೆಂಡನ್ನು ಕುಳಿಗೆ ಉರುಳಿಸುವವರ) ಕಿವಿಯ ಹತ್ತಿರ ದೂರ ಹೊಡೆಯುವ ಡ್ರೈವರ್ ಕೋಲು ಬೀಸುವಂತೆ ಮಾಡುವವು. ಇವುಗಳಲ್ಲಿ ಹೆಚ್ಚಿನವು ಯಾರದೋ ಅಜಾಗರೂಕತೆಯಿಂದಲೋ, ಜಾಗದ ಅಭಾವದಿಂದಲೋ ಆದವು. ಈ ಟೀ ಹಾಗಲ್ಲ. ಆಟದ ನಿಯಮ ಬರೆಯುವ ಆರ್ ಅಂಡ್ ಎ ಸಂಸ್ಥೆಯೇ, ಗಾಲ್ಫ್‌ನ ತವರಿನಲ್ಲೇ, ಜಗತ್ತಿನ ಅತಿ ಹೆಸರಾದ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ) ಹೋಲ್‌ಗೆ ಬೇಕೆಂದೇ ಇಟ್ಟ ಟೀ ಇದು. ಅದಕ್ಕೇ ಈ ಒಂದನ್ನು ಬಿಡಿಸಿ ನೋಡೋಣ ಅನ್ನಿಸಿತು.

ಟೀ ಅಂದರೆ ಎಷ್ಟು ಜಾಗ?

ಮೊದಲು ಒಂದು ಹಳೇ ಮಾತು. 1744ರಲ್ಲಿ ಲೀತ್‌ನಲ್ಲಿ ಬರೆದ 13 ನಿಯಮಗಳು ಗಾಲ್ಫ್‌ನ ಅತಿ ಹಳೆಯ ಲಿಖಿತ ನಿಯಮಗಳು. ಅದರಲ್ಲಿ ಮೊಟ್ಟಮೊದಲನೆಯದೇ ಟೀ ಬಗ್ಗೆ. ಕುಳಿಯಿಂದ ಒಂದು ಕ್ಲಬ್‌ನ (ಗಾಲ್ಫ್ ಕೋಲಿನ) ಉದ್ದದೊಳಗೆ ಚೆಂಡನ್ನು ಟೀ ಮಾಡಬೇಕು ಅನ್ನುತ್ತದೆ ಅದು. ಅಂದರೆ ಚೆಂಡು ಕುಳಿಗೆ ಬಿತ್ತು, ಎತ್ತಿಕೊಂಡಿರಿ, ಅಲ್ಲೇ ಪಕ್ಕದಲ್ಲಿ ಒಂದು ಚಿಟಿಕೆ ಮರಳು ಗುಡ್ಡೆ ಹಾಕಿ ಅದರ ಮೇಲಿಟ್ಟು ಮುಂದಿನದಕ್ಕೆ ಹೊಡೆದಿರಿ. ಟೀಗೆ ನಡೆಯುವ ಮಾತೇ ಇಲ್ಲ. ಜನ ಜಾಸ್ತಿಯಾಗಿ ಕುಳಿಯ ಸುತ್ತ ಹುಲ್ಲು ಹಾಳಾಗತೊಡಗಿದ ಮೇಲೆ ಟೀ ದೂರ ಸರಿಯಿತು, ಬೇರೆಯೇ ಜಾಗವಾಯಿತು. ಟೀ ಬಾಕ್ಸ್ ಅನ್ನುವ ಹೆಸರು ಬಂದದ್ದೂ ಆ ಚಿಟಿಕೆ ಮರಳಿನಿಂದಲೇ. ಮರಳು ತುಂಬಿಟ್ಟ ಒಂದು ಪೆಟ್ಟಿಗೆ ಟೀ ಪಕ್ಕ ಇರುತ್ತಿತ್ತು. ಮರದ ಮೊಳೆಯಂಥ ಟೀ ಬಂದು ಪೆಟ್ಟಿಗೆ ಮಾಯವಾಯಿತು, ಹೆಸರು ಉಳಿಯಿತು.

ಈಗಿನ ನಿಯಮದಲ್ಲಿ ಟೀ ಅಂದರೆ ಕತ್ತರಿಸಿದ ಹುಲ್ಲಿನ ಇಡೀ ಮಟ್ಟವಲ್ಲ. ಎರಡು ಗುರುತುಗಳ ಮುಂದಿನ ಅಂಚಿನಿಂದ ಹಿಂದಕ್ಕೆ ಎರಡು ಕ್ಲಬ್ ಉದ್ದದ ಒಂದು ಆಯತ, ಅಷ್ಟೇ. ಚೆಂಡು ಅದರೊಳಗೆ ಇರಬೇಕು, ಕಾಲು ಹೊರಗಿದ್ದರೂ ನಡೆಯುತ್ತದೆ. ಇದನ್ನು ಹೇಳಲು ಕಾರಣ ಇದೆ. ಇಷ್ಟು ಚಿಕ್ಕ ಆಯತವನ್ನು ಎಲ್ಲಿ ಬೇಕಾದರೂ ಇಡಬಹುದು. ಜಾಗದ ದೃಷ್ಟಿಯಿಂದ ಟೀಯಷ್ಟು ಅಗ್ಗದ ಬದಲಾವಣೆ ಇನ್ನೊಂದಿಲ್ಲ. ಗ್ರೀನ್ ಮುಟ್ಟಿದರೆ ಜನ ಬೀದಿಗಿಳಿಯುತ್ತಾರೆ, ಬಂಕರ್ (ಮರಳಿನ ಗುಂಡಿ) ಮುಟ್ಟಿದರೆ ಪತ್ರಿಕೆಗಳಲ್ಲಿ ಗಲಾಟೆ. ಟೀ ಹಿಂದೆ ಹೋದರೆ ಸ್ವಲ್ಪ ಗೊಣಗಾಟ, ಆಮೇಲೆ ಎಲ್ಲರೂ ಮರೆಯುತ್ತಾರೆ. ಇದು ನಿಜವಾಗಿಯೂ ನಡೆದದ್ದನ್ನು ಮುಂದೆ ನೋಡುತ್ತೇವೆ.

ಹೋಲ್ ಹೇಗಿದೆ

17ನೇ ಹೋಲ್‌ನ ಹೆಸರು ರೋಡ್ ಹೋಲ್. ಗ್ರೀನ್‌ನ ಹಿಂದೆಯೇ ಒಂದು ರಸ್ತೆ, ರಸ್ತೆಯ ಆಚೆ ಕಲ್ಲಿನ ಗೋಡೆ. ಗೋಡೆಯ ತನಕ ಎಲ್ಲವೂ ಆಟದ ಭಾಗ. ಚೆಂಡು ಡಾಂಬರಿನ ಮೇಲೆ ನಿಂತರೆ ಡಾಂಬರಿನ ಮೇಲಿಂದಲೇ ಹೊಡೆಯಬೇಕು, ದಂಡವಿಲ್ಲದೆ ಚೆಂಡು ಸರಿಸುವ ಅವಕಾಶ ಇಲ್ಲ. ಗೋಡೆಗೆ ಅಂಟಿಕೊಂಡರೆ ನಿಮ್ಮ ಹಣೆಬರಹ.

ಟೀಯಿಂದ ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. ಹೋಲ್ ಬಲಕ್ಕೆ ತಿರುಗುತ್ತದೆ. ತಿರುವಿನ ಒಳಮೂಲೆಯಲ್ಲಿ ಓಲ್ಡ್ ಕೋರ್ಸ್ ಹೋಟೆಲ್ ಇದೆ, ಅದರ ಮುಂದೆ ಹಸಿರು ಬಣ್ಣದ ಶೆಡ್‌ಗಳಿವೆ. ಹಿಂದೆ ಇಲ್ಲಿ ರೈಲ್ವೆಯವರ ಶೆಡ್‌ಗಳಿದ್ದವು. ಸೇಂಟ್ ಆಂಡ್ರೂಸ್‌ಗೆ 1852ರಲ್ಲಿ ಬಂದ ರೈಲು 1969ರಲ್ಲಿ ನಿಂತುಹೋಯಿತು. ಹೋಟೆಲ್ ಅದಕ್ಕೆ ಒಂದು ವರ್ಷ ಮುಂಚೆ ತೆರೆದಿತ್ತು. ಆ ಶೆಡ್‌ಗಳು ಹೋದರೂ, ಅವುಗಳ ಆಕಾರ ಆಟಕ್ಕೆ ಬೇಕೆಂದು ಅದೇ ಜಾಗದಲ್ಲಿ ಅದೇ ರೀತಿ ಮತ್ತೆ ಕಟ್ಟಿದರು! ರೈಲು ಇಲ್ಲ, ಕಲ್ಲಿದ್ದಲು ಇಲ್ಲ, ಶೆಡ್ ಮಾತ್ರ ಬೇಕು. ಶೆಡ್‌ನ ಗೋಡೆಯ ಮೇಲೆ ಹೋಟೆಲ್‌ನ ಹೆಸರು ದೊಡ್ಡ ಅಕ್ಷರಗಳಲ್ಲಿದೆ. ಆಟಗಾರರು ಅದರಲ್ಲಿ ಒಂದು ಅಕ್ಷರ ಆರಿಸಿಕೊಂಡು ಅದರ ಮೇಲೆ ಚೆಂಡು ಹಾರಿಸುತ್ತಾರೆ. ಗಾಳಿ ಹೇಗಿದೆ, ಧೈರ್ಯ ಎಷ್ಟಿದೆ ಅನ್ನುವುದರ ಮೇಲೆ ಅಕ್ಷರ ಬದಲಾಗುತ್ತದೆ. ಹೋಟೆಲ್‌ನ ಆವರಣ ಔಟ್ ಆಫ್ ಬೌಂಡ್ಸ್, ಆದರೆ ಅದರ ಮೇಲೆ ಚೆಂಡು ಹಾರಿ ಹೋಗಬಹುದು. ನಿಂತ ಜಾಗ ಮಾತ್ರ ಲೆಕ್ಕ.

ಇನ್ನು ಗ್ರೀನ್. ನೆಲಕ್ಕಿಂತ ಎತ್ತರ, ಬರುವ ದಿಕ್ಕಿಗೆ ಓರೆಯಾಗಿ ಮಲಗಿದೆ, ಆಳ ಕಡಿಮೆ. ಮುಂದೆ ಎಡಗಡೆ ರೋಡ್ ಬಂಕರ್. ಚಿಕ್ಕದು, ಆಳವಾದದ್ದು, ಕಡಿದಾದ ಹುಲ್ಲಿನ ಗೋಡೆ. ಸುತ್ತಲಿನ ಇಳಿಜಾರು ಚೆಂಡನ್ನು ಅದರ ಕಡೆಗೇ ತಳ್ಳುತ್ತದೆ. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತಕ್ಕೆ ಗ್ರೀನ್ ಮೇಲಿದ್ದರು. ಅಲ್ಲಿಂದ ಪಟ್ ಮಾಡಿದ್ದು ಉರುಳಿ ಬಂಕರ್‌ಗೆ ಬಿತ್ತು. ಹೊರಬರಲು ನಾಲ್ಕು ಹೊಡೆತ, ಒಟ್ಟು 9. 2000ದಲ್ಲಿ ಡೇವಿಡ್ ಡುವಾಲ್‌ಗೆ ಇದೇ ಬಂಕರ್‌ನಲ್ಲಿ ಹೆಚ್ಚುಕಡಿಮೆ ಇದೇ ಗತಿಯಾಯಿತು.

ಬಂಕರ್‌ಗೆ ಹೆದರಿ ಬಲಕ್ಕೆ ಆಡಿದರೆ ರಸ್ತೆ. ರಸ್ತೆಗೆ ಹೆದರಿ ಮೆಲ್ಲಗೆ ಆಡಿದರೆ ಬಂಕರ್. ಅತ್ತ ದರಿ, ಇತ್ತ ಪುಲಿ.

ತೊಂದರೆ ಏನಾಗಿತ್ತು

ಈ ಹೋಲ್‌ನ ಜೀವ ಇರುವುದು ಎರಡನೇ ಹೊಡೆತದಲ್ಲಿ. ಅದು ಚೆನ್ನಾಗಿ ಅರ್ಥವಾಗಬೇಕಾದರೆ 1984ಕ್ಕೆ ಹೋಗಬೇಕು. ಟಾಮ್ ವಾಟ್ಸನ್ ಆಗಲೇ ಐದು ಓಪನ್ ಗೆದ್ದಿದ್ದರು. ಆರನೆಯದು ಕೈಗೆಟುಕುವಂತಿತ್ತು. ಕೊನೆಯ ದಿನ 17ರಲ್ಲಿ ಫೇರ್‌ವೇಯಿಂದ ಅವರು ಎತ್ತಿಕೊಂಡದ್ದು 2ನೇ ನಂಬರ್ ಐರನ್, ಉದ್ದ ಹೊಡೆತದ ಕೋಲು. ಐರನ್‌ನ ನಂಬರ್ ಹೆಚ್ಚಿದಷ್ಟೂ ಕೋಲು ಚಿಕ್ಕದು, ಹೊಡೆತ ಗಿಡ್ಡ. ಚೆಂಡು ಗ್ರೀನ್ ದಾಟಿ, ರಸ್ತೆ ದಾಟಿ, ಗೋಡೆಯ ಹತ್ತಿರ ನಿಂತಿತು. ಬೋಗಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಜಾಸ್ತಿ. ಅದೇ ಹೊತ್ತಿಗೆ ಮುಂದೆ 18ರಲ್ಲಿ ಸೆವೆ ಬಾಲೆಸ್ಟೆರೋಸ್ ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಹೊಡೆದು ಕುಣಿಯುತ್ತಿದ್ದರು. ಸೆವೆ ಕೂಡ ಮೊದಲ ಮೂರು ದಿನ 17ರಲ್ಲಿ ಬೋಗಿಯನ್ನೇ ಮಾಡಿದ್ದರು. ನಾಲ್ಕನೇ ದಿನ ಅಲ್ಲಿ ಒಂದು ಪಾರ್ ಸಿಕ್ಕಿತು, ಅದೇ ಅವರಿಗೆ ದೊಡ್ಡ ಗೆಲುವು.

2 ಐರನ್ ಅನ್ನುವುದನ್ನು ಗಮನಿಸಿ. ಆಗಿನ ಜಗತ್ತಿನ ಅಗ್ರ ಆಟಗಾರನೊಬ್ಬ ಒಳ್ಳೆಯ ಡ್ರೈವ್ ಹೊಡೆದ ಮೇಲೂ ಆ ಗ್ರೀನ್‌ಗೆ 2 ಐರನ್ ಬೇಕಾಗಿತ್ತು.

ಆಮೇಲಿನ 20 ವರ್ಷಗಳಲ್ಲಿ ಏನೇನಾಯಿತು ನೋಡಿ. ಡ್ರೈವರ್‌ನ ತಲೆ ಮರದಿಂದ ಉಕ್ಕಿಗೆ, ಉಕ್ಕಿನಿಂದ ಟೈಟಾನಿಯಂಗೆ ಬಂತು, ದೊಡ್ಡದಾಗುತ್ತಾ ಹೋಯಿತು. 2000ದ ಕೊನೆಗೆ ಪ್ರೊ ವಿ1 ಥರದ ಗಟ್ಟಿ ಒಳಭಾಗದ ಚೆಂಡುಗಳು ಬಂದು, ದಾರ ಸುತ್ತಿದ ಹಳೇ ಚೆಂಡುಗಳು ಮೂಲೆ ಸೇರಿದವು. ಅಮೆರಿಕದ ಪಿಜಿಎ ಟೂರ್‌ನಲ್ಲಿ ಡ್ರೈವ್‌ನ ಸರಾಸರಿ ದೂರ 1980ರಲ್ಲಿ ಸುಮಾರು 257 ಗಜ ಇದ್ದದ್ದು 2010ಕ್ಕೆ ಸುಮಾರು 287 ಗಜ ಆಗಿತ್ತು. ಮೂವತ್ತು ಗಜ. ಹೋಲ್ ಮಾತ್ರ ಇದ್ದಲ್ಲೇ ಇತ್ತು. 2005ರ ಓಪನ್‌ನಲ್ಲೂ ರೋಡ್ ಹೋಲ್ 455 ಗಜವೇ.

ಪರಿಣಾಮ ಸರಳ. ಆಟಗಾರರು ಡ್ರೈವರ್ ಬಿಟ್ಟು ಸಣ್ಣ ಕ್ಲಬ್‌ನಿಂದ ಟೀ ಹೊಡೆದು, ಆಮೇಲೆ ಚಿಕ್ಕ ಐರನ್‌ನಿಂದ ಗ್ರೀನ್‌ಗೆ ಇಳಿಸತೊಡಗಿದರು. ಐರನ್ ಚಿಕ್ಕದಾದರೆ ಏನು ವ್ಯತ್ಯಾಸ? ಎಲ್ಲ ವ್ಯತ್ಯಾಸವೂ ಅಲ್ಲೇ ಇದೆ. ಟೂರ್ ಆಟಗಾರರ ಅಳತೆಗಳಲ್ಲಿ 8 ಐರನ್‌ನಿಂದ ಹೊರಟ ಚೆಂಡು ನಿಮಿಷಕ್ಕೆ ಸುಮಾರು 8,000 ಸುತ್ತು ಹಿಂದಕ್ಕೆ ತಿರುಗುತ್ತದೆ. 4 ಐರನ್‌ನಿಂದ ಹೊರಟದ್ದು 5,000ಕ್ಕೂ ಕಡಿಮೆ. ಆ ತಿರುಗುವಿಕೆಯೇ ಬ್ರೇಕ್. ಆಳವಿಲ್ಲದ ಗ್ರೀನ್ ಮೇಲೆ 8 ಐರನ್ ಚೆಂಡು ಬಿದ್ದು ನಿಲ್ಲುತ್ತದೆ, 4 ಐರನ್ ಚೆಂಡು ಬಿದ್ದು ಓಡುತ್ತದೆ. ಓಡಿದರೆ ಹಿಂದೆ ರಸ್ತೆ ಇದೆ. ನಿಂತರೆ ರಸ್ತೆ ಸುಮ್ನೆ ನೋಡೋಕೆ ಚೆಂದ.

2009ರಲ್ಲಿ ಹೊಸ ಟೀ ಸುದ್ದಿ ಹೊರಬಂದಾಗ ಆರ್ ಅಂಡ್ ಎ ಮುಖ್ಯಸ್ಥರಾಗಿದ್ದ ಪೀಟರ್ ಡಾಸನ್ ಕೊಟ್ಟ ಕಾರಣದ ತಿರುಳೂ ಇದೇ. ಗ್ರೀನ್ ಹಿಂದಿನ ರಸ್ತೆಯ ಭಯ ಈ ಹೋಲ್‌ನ ದೊಡ್ಡ ಭಾಗ, ಆ ಭಯ ಈಚೆಗೆ ಕಮ್ಮಿಯಾಗಿದೆ, ಅದನ್ನು ವಾಪಸ್ ತರಬೇಕು.

ಅಂದರೆ ರೋಗ ಇದ್ದದ್ದು ಗ್ರೀನ್‌ನ ಹತ್ತಿರ, ಮದ್ದು ಅರೆದದ್ದು ಸುಮಾರು 500 ಗಜ ಹಿಂದೆ. ಈ ಪ್ರಕರಣದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ ವಿಷಯ. ಟೀ ಸರಿಯಿದೆಯಾ ಅಂತ ನೋಡಲು ನಾವು ಟೀ ಮೇಲೆ ನಿಂತು ಮುಂದೆ ನೋಡುತ್ತೇವೆ. ಇವರು ಗ್ರೀನ್ ಮೇಲೆ ನಿಂತು ಹಿಂದಕ್ಕೆ ನೋಡಿದರು.

ಬೇರೆ ದಾರಿ ಇರಲಿಲ್ಲವಾ?

ಇತ್ತು. ಒಂದೊಂದಕ್ಕೂ ಒಂದೊಂದು ಕೊರತೆ.

ರಫ್ (ಉದ್ದ ಹುಲ್ಲು) ಬೆಳೆಸಿ ಫೇರ್‌ವೇ ಕಿರಿದು ಮಾಡಬಹುದು. ಆದರೆ ಹಾಗೆ ಮಾಡಿದರೆ ಆಟಗಾರ ಇನ್ನೂ ಸಣ್ಣ ಕ್ಲಬ್‌ನಿಂದ, ಇನ್ನೂ ನೇರವಾಗಿ ಹೊಡೆಯುತ್ತಾನೆ, ಸಾಹಸ ಮಾಡುವ ಆಸೆಯೇ ಹೋಗುತ್ತದೆ. ಗ್ರೀನ್ ಬದಲಿಸುವುದು ಅಂದರೆ ದೇವರ ಮೂರ್ತಿ ಕೆತ್ತಿದ ಹಾಗೆ, ಯಾರೂ ಒಪ್ಪುವುದಿಲ್ಲ. ಪಾರ್ ಬದಲಿಸುವುದು ಬರೀ ಕಾಗದದ ಕೆಲಸ. ಒಂದು ಕಾಲದಲ್ಲಿ ಇದು ಪಾರ್ 5 ಆಗಿತ್ತು, ಅಂಕಿ 4 ಆದ ಮಾತ್ರಕ್ಕೆ ಹೋಲ್ ಒಂದು ಅಂಗುಲವೂ ಬದಲಾಗಲಿಲ್ಲ.

ಚೆಂಡನ್ನೇ ಹಿಡಿದು ನಿಲ್ಲಿಸುವುದು ನಿಜವಾದ ದಾರಿ. ಆ ಅಧಿಕಾರ ಇದ್ದದ್ದೂ ಇದೇ ಆರ್ ಅಂಡ್ ಎ ಮತ್ತು ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಕೈಯಲ್ಲಿ. ಆದರೆ ಅದಕ್ಕೆ ತಯಾರಕರ ಜೊತೆ ವರ್ಷಗಟ್ಟಲೆ ಜಗ್ಗಾಟ ಬೇಕು. ಹುಲ್ಲು ಹಾಸಿ ಟೀ ಮಾಡೋಕೆ ಅಷ್ಟೆಲ್ಲ ಬೇಡ. ತಯಾರಕರು ಚಾಪೆ ಕೆಳಗೆ ತೂರಿದರೆ ಕೋರ್ಸ್‌ನವರು ರಂಗೋಲಿ ಕೆಳಗೆ ತೂರುತ್ತಾರೆ, ಅಷ್ಟೇ ಕತೆ.

ಸರಿ, ಟೀಯನ್ನೇ ಹಿಂದಕ್ಕೆ ಒಯ್ಯೋಣ ಅಂದರೆ ಹಿಂದೆ ಜಾಗ ಎಲ್ಲಿದೆ? ಓಲ್ಡ್ ಕೋರ್ಸ್ ತುಂಬ ಇಕ್ಕಟ್ಟಿನ ನೆಲ. ಹೋಗುವ ಹೋಲ್‌ಗಳೂ ಬರುವ ಹೋಲ್‌ಗಳೂ ಒಂದಕ್ಕೊಂದು ಅಂಟಿಕೊಂಡಿವೆ, ಏಳು ಗ್ರೀನ್‌ಗಳನ್ನು ಎರಡೆರಡು ಹೋಲ್‌ಗಳು ಹಂಚಿಕೊಂಡಿವೆ. 17ರ ಹಳೇ ಟೀಯ ಬೆನ್ನಿಗೇ ಗಡಿ. ಹಾಗಾಗಿ ಗಡಿ ದಾಟಿದರು. ಸುಮಾರು 40 ಗಜ ಹಿಂದಕ್ಕೆ. 455 ಇದ್ದದ್ದು 495 ಗಜ ಆಯಿತು.

ನಲವತ್ತು ಗಜ ಎಲ್ಲಿಂದ ಬಂತು ಅಂತ ಕೇಳಬೇಡಿ, ಮೇಲಿನ ಮೂವತ್ತು ಗಜದ ಲೆಕ್ಕ ಮತ್ತೊಮ್ಮೆ ನೋಡಿ. ವಾಟ್ಸನ್ ಕಾಲದ ಎರಡನೇ ಹೊಡೆತವನ್ನು ಹೆಚ್ಚುಕಡಿಮೆ ಅಳತೆ ಹಾಕಿಯೇ ವಾಪಸ್ ತಂದಿದ್ದಾರೆ.

ಗಡಿಯಾಚೆ ಟೀ ಇದ್ದರೆ ಅದು ಕೋರ್ಸಾ?

ಇದು ಕುಚೋದ್ಯದ ಪ್ರಶ್ನೆ ಅನ್ನಿಸಬಹುದು. ಆದರೆ ಇಂಥ ಟೀ ಮಾಡುವ ಯಾವ ಕಮಿಟಿಯೂ ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳಬೇಕು.

ಈಗಿನ ನಿಯಮ ಪುಸ್ತಕದ ಪ್ರಕಾರ ಕೋರ್ಸ್‌ನಲ್ಲಿ ಐದು ಬಗೆಯ ಜಾಗಗಳಿವೆ. ನೀವು ಆಡುತ್ತಿರುವ ಹೋಲ್‌ನ ಟೀ ಆ ಐದರಲ್ಲಿ ಒಂದು. ಗಡಿ ಎಲ್ಲಿ ಅನ್ನುವುದನ್ನು ನಿರ್ಧರಿಸುವುದು ಕಮಿಟಿಯ ಕೆಲಸ. ಹಾಗಾಗಿ ಟೀಗೆ ತೊಂದರೆ ಇಲ್ಲ. ತೊಂದರೆ ಇರುವುದು ಟೀಗೂ ಗಡಿಗೂ ನಡುವಿನ ನೆಲದಲ್ಲಿ. ಆಟಗಾರ ಚೆಂಡಿನ ನೆತ್ತಿಗೆ ಹೊಡೆದು ಅದು ಹತ್ತು ಗಜ ಉರುಳಿ ನಿಂತಿತು ಅಂದುಕೊಳ್ಳಿ. ಅದು ಆಟದಲ್ಲಿದೆಯೋ, ಔಟ್ ಆಫ್ ಬೌಂಡ್ಸೋ? ಓಪನ್‌ಗೆ ಬರುವವರು ಹಾಗೆ ಹೊಡೆಯುವುದಿಲ್ಲ. ನಮ್ಮ ನಿಮ್ಮಂಥವರ ಕ್ಲಬ್‌ನಲ್ಲಿ ಭಾನುವಾರ ಬೆಳಿಗ್ಗೆ ಮೂರು ಜನ ಹಾಗೆ ಹೊಡೆದೇ ಹೊಡೆಯುತ್ತಾರೆ. ಅದಕ್ಕೆ ಮೊದಲೇ ಲೋಕಲ್ ರೂಲ್‌ನಲ್ಲಿ ಬರೆದಿರಬೇಕು. ಬರೆಯದಿದ್ದರೆ ಚಹಾ ಕುಡಿಯುವಾಗ ಜಗಳ ಖಂಡಿತ.

ಟೀ ಹಿಂದೆ ಹೋದಾಗ ಕೋನವೂ ಬದಲಾಗುತ್ತದೆ, ಅದನ್ನು ಜನ ಮರೆಯುತ್ತಾರೆ. ನೇರ ಹೋಲ್‌ನಲ್ಲಿ 40 ಗಜ ಹಿಂದೆ ಅಂದರೆ 40 ಗಜ ಉದ್ದ, ಅಷ್ಟೇ. ತಿರುವಿನ ಹೋಲ್‌ನಲ್ಲಿ ಹಾಗಲ್ಲ. ಇಲ್ಲಿ ಶೆಡ್ ದೂರ ಸರಿದಂತಾಯಿತು. ದೂರದ ಶೆಡ್ ಮೇಲೆ ಹಾರಿಸುವುದು ಎತ್ತರದ ಲೆಕ್ಕದಲ್ಲಿ ಸಲೀಸೇ, ಅಷ್ಟು ಹೊತ್ತಿಗೆ ಚೆಂಡು ಇನ್ನೂ ಮೇಲೇರಿರುತ್ತದೆ. ಆದರೆ ಮೂಲೆ ದಾಟಿ ಫೇರ್‌ವೇಗೆ ಬೀಳಲು ಬೇಕಾದ ಹಾರುವ ದೂರ ಜಾಸ್ತಿಯಾಯಿತು. ಎದುರುಗಾಳಿ ಇದ್ದ ದಿನ ಆ ಆಸೆ ಬಿಟ್ಟು ಎಡಕ್ಕೆ ಹೊಡೆಯಬೇಕು. ಎಡಕ್ಕೆ ಹೋದರೆ ರಫ್, ಅಲ್ಲಿಂದ ಗ್ರೀನ್‌ಗೆ ದಾರಿ ನೇರ ರೋಡ್ ಬಂಕರ್ ಮೇಲೆ. ಒಂದು ಟೀ ಸರಿಸಿದ್ದಕ್ಕೆ ಮೂರು ಕಡೆ ಗಂಟು ಬಿಗಿಯಾಯಿತು.

ಆಡಿದಾಗ ಏನಾಯಿತು

2010ರ ಓಪನ್‌ನಲ್ಲಿ ಆ ವಾರ ಇಡೀ ಕೋರ್ಸ್‌ನ ಅತಿ ಕಷ್ಟದ ಹೋಲ್ 17 ಆಯಿತು. ಇದನ್ನು ಹೊಸ ಟೀಯ ಸಾಧನೆ ಅಂತ ಬರೆದವರು ಬಹಳ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಟೀ ಹಿಂದೆ ಹೋಗುವ ಮುಂಚೆಯೂ ಅದು ಓಪನ್‌ನ ಅತಿ ಕಷ್ಟದ ಹೋಲ್‌ಗಳ ಸಾಲಿನಲ್ಲೇ ಇತ್ತು. ಸರಾಸರಿ ಸ್ಕೋರ್ ನೋಡಿ ಟೀಯನ್ನು ಅಳೆಯಲು ಆಗುವುದಿಲ್ಲ. ಕೈಯಲ್ಲಿ ಯಾವ ಕ್ಲಬ್ ಇತ್ತು, ಚೆಂಡು ಎಲ್ಲಿಗೆ ಹೋಯಿತು ಅಂತ ನೋಡಬೇಕು.

ಹಾಗೆ ನೋಡಿದರೆ ಮೂರನೇ ದಿನ ನಡೆದ ಒಂದು ಘಟನೆಯೇ ಸಾಕು. ಸ್ಪೇನಿನ ಮಿಗೆಲ್ ಆಂಜೆಲ್ ಹಿಮೆನೆಜ್ ಅವರ ಚೆಂಡು ರಸ್ತೆ ದಾಟಿ ಕಲ್ಲಿನ ಗೋಡೆಯ ಬುಡಕ್ಕೆ ಹೋಗಿ ಕೂತಿತ್ತು. ಗ್ರೀನ್ ಕಡೆಗೆ ಕ್ಲಬ್ ಬೀಸಲು ಜಾಗವೇ ಇಲ್ಲ. ಅವರು ಗ್ರೀನ್‌ಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಚೆಂಡನ್ನು ಗೋಡೆಗೇ ಬಡಿದರು. ಅದು ಪುಟಿದು ಅವರ ತಲೆಯ ಮೇಲಿಂದ ಹಾರಿ ಗ್ರೀನ್ ಮೇಲೆ ಬಿತ್ತು! ನೋಡುತ್ತಿದ್ದವರಿಗೆ ಹುಚ್ಚು ಹಿಡಿದಂತಾಯಿತು. ಡಾಸನ್ ಕೇಳಿದ್ದ ರಸ್ತೆ ಮತ್ತೆ ಆಟಕ್ಕೆ ಬಂದಿತ್ತು, ಗೋಡೆಯೂ ಜೊತೆಗೆ.

ಆ ಸಲ ಗೆದ್ದವರು ದಕ್ಷಿಣ ಆಫ್ರಿಕಾದ ಲೂಯಿ ಊಸ್ತೈಜೆನ್, 16 ಅಂಡರ್ (ಪಾರ್‌ಗಿಂತ 16 ಹೊಡೆತ ಕಡಿಮೆ), ಏಳು ಹೊಡೆತಗಳ ಅಂತರ. ಅಷ್ಟು ಅಂತರ ಇದ್ದಾಗ ಯಾವ ಟೀ ಎಲ್ಲಿದ್ದರೇನು? 17 ಆ ಭಾನುವಾರ ಯಾರ ಗೆಲುವನ್ನೂ ತಪ್ಪಿಸಲಿಲ್ಲ.

ತಪ್ಪಿಸಿದ್ದು 2015ರಲ್ಲಿ. ಜೋರ್ಡನ್ ಸ್ಪೀತ್ ಆ ವರ್ಷ ಮಾಸ್ಟರ್ಸ್ ಮತ್ತು ಯುಎಸ್ ಓಪನ್ ಎರಡನ್ನೂ ಗೆದ್ದು ಬಂದಿದ್ದರು. ಕೊನೆಯ ದಿನ 16ರಲ್ಲಿ ಉದ್ದದ ಪಟ್ ಹಾಕಿ ಮುನ್ನಡೆ ಹಂಚಿಕೊಂಡರು. ಆಮೇಲೆ ಗಡಿ ದಾಟಿ ಆ ಟೀಗೆ ನಡೆದರು. 17ರಲ್ಲಿ ಬೋಗಿ. ಒಂದೇ ಒಂದು ಹೊಡೆತದಿಂದ ಪ್ಲೇಆಫ್ (ಸಮ ಬಂದವರ ನಡುವಿನ ಹೆಚ್ಚುವರಿ ಆಟ) ತಪ್ಪಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜ್ಯಾಕ್ ಜಾನ್ಸನ್ ಕೂಡ ಅದೇ ಹೋಲ್‌ನಲ್ಲಿ ಬೋಗಿ ಮಾಡಿ, 18ರಲ್ಲಿ ಬರ್ಡಿಯಿಂದ ಅದನ್ನು ತುಂಬಿಕೊಂಡು, ಪ್ಲೇಆಫ್‌ನಲ್ಲಿ ಗೆದ್ದರು.

2022ರದ್ದು ನನಗೆ ಎಲ್ಲಕ್ಕಿಂತ ಇಷ್ಟ. ಕ್ಯಾಮರನ್ ಸ್ಮಿತ್ ಮುನ್ನಡೆಯಲ್ಲಿದ್ದರು. ಎರಡನೇ ಹೊಡೆತ ಗ್ರೀನ್‌ಗೆ ಸ್ವಲ್ಪ ಮೊದಲೇ ಎಡಗಡೆ ನಿಂತಿತು. ಚೆಂಡಿಗೂ ಬಾವುಟಕ್ಕೂ ನಡುವೆ ಸರಿಯಾಗಿ ರೋಡ್ ಬಂಕರ್. ಮೇಲಿಂದ ಹಾರಿಸಿದರೆ ನಿಲ್ಲುವ ಭರವಸೆ ಇಲ್ಲ, ಹಿಂದೆ ರಸ್ತೆ. ಅವರು ಪಟರ್ ಎತ್ತಿಕೊಂಡರು. ಬಂಕರ್‌ನ ಪಕ್ಕದಿಂದ, ಏರನ್ನು ಬಳಸಿ, ಸುತ್ತು ಹಾಕಿ ಚೆಂಡನ್ನು ಉರುಳಿಸಿದರು. ಹತ್ತು ಅಡಿಯಷ್ಟು ಉಳಿಯಿತು. ಅದನ್ನೂ ಹಾಕಿದರು. ಪಾರ್. ಕೊನೆಗೆ 64 ಹೊಡೆದು, 20 ಅಂಡರ್‌ನೊಂದಿಗೆ ಒಂದು ಹೊಡೆತದಿಂದ ಗೆದ್ದರು.

ಟೀ ಹಿಂದೆ ಹೋದದ್ದರಿಂದ ಹೋಲ್ ಬರೀ ಶಕ್ತಿವಂತರದ್ದಾಗುತ್ತದೆ ಅನ್ನುವ ದೂರು ಇತ್ತು. ಸ್ಮಿತ್ ಉದ್ದ ಹೊಡೆಯುವ ಆಟಗಾರರಲ್ಲಿ ಮೊದಲ ಸಾಲಿನವರೇನಲ್ಲ. ಗೆಲ್ಲಿಸಿದ್ದು ಪಟರ್.

ಚುಚ್ಚುವ ವಿಷಯಗಳು

ಇಷ್ಟಾದರೂ ಈ ಟೀ ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ.

ಒಂದು, ನಡಿಗೆ. ಓಲ್ಡ್ ಕೋರ್ಸ್‌ನ ಸೊಗಸೇ ಗ್ರೀನ್ ಬಿಟ್ಟು ನಾಲ್ಕು ಹೆಜ್ಜೆಗೆ ಮುಂದಿನ ಟೀ ಸಿಗುವುದು. 1744ರ ಆ ಒಂದು ಕ್ಲಬ್ ಉದ್ದದ ನೆನಪು ಆ ನೆಲದಲ್ಲಿ ಇನ್ನೂ ಉಳಿದಿದೆ. ಹೊಸ ಟೀಗೆ ಹೋಗಬೇಕಾದರೆ ಬಂದ ದಾರಿಗೆ ಹಿಮ್ಮುಖವಾಗಿ ನಡೆದು, ಕೋರ್ಸ್ ಬಿಟ್ಟು ಹೊರಗೆ ಹೋಗಿ, ಹೊಡೆದು, ಮತ್ತೆ ಒಳಗೆ ಬರಬೇಕು. ಆಟದ ಲಯ ಕಡಿಯುತ್ತದೆ. ಒಂದು ಗುಂಪು ಟೀಯಲ್ಲಿ ಕಾಯುತ್ತಿದ್ದರೆ ಹಿಂದಿನ ಗುಂಪು 16ರ ಗ್ರೀನ್‌ನಲ್ಲಿ ಕಾಯುತ್ತದೆ.

ಎರಡು, ಇದು ಒಂದೇ ಅಲ್ಲ. 2005ರ ಓಪನ್‌ಗೆ ಆಗಲೇ ಕೆಲವು ಟೀಗಳು ಕೋರ್ಸ್‌ನಿಂದ ಹೊರಬಿದ್ದಿದ್ದವು. 14ನೇ ಹೋಲ್‌ನ ಟೀ ಪಕ್ಕದ ಈಡನ್ ಕೋರ್ಸ್‌ನ ನೆಲಕ್ಕೆ ಹೋಗಿ ಹೋಲ್ 618 ಗಜ ಆಯಿತು. 2ನೇ ಹೋಲ್‌ನ ಟೀ ಹಿಮಾಲಯಾಸ್ ಅನ್ನುವ ಪಟಿಂಗ್ ಮೈದಾನಕ್ಕೆ ಹೋಯಿತು. ಆ ಏರುತಗ್ಗಿನ ಹುಲ್ಲಿನ ಮೇಲೆ 1867ರಿಂದ ಅಲ್ಲಿನ ಹೆಂಗಸರ ಪಟಿಂಗ್ ಕ್ಲಬ್ ಆಡಿಕೊಂಡು ಬಂದಿದೆ. ಒಂದು ಹಳೇ ಮನೆಯವರು ಅಕ್ಕಪಕ್ಕದವರ ಜಗಲಿಯಲ್ಲೆಲ್ಲ ಕುರ್ಚಿ ಹಾಕಿಕೊಂಡು ಕೂತ ಹಾಗಿದೆ. ಪಕ್ಕದ ಜಗಲಿಗಳೂ ಓಲ್ಡ್ ಕೋರ್ಸ್ ನೋಡಿಕೊಳ್ಳುವ ಲಿಂಕ್ಸ್ ಟ್ರಸ್ಟ್‌ನ ಕೈಯಲ್ಲೋ ಅಥವಾ ಅವರ ಒಡನಾಟದಲ್ಲೋ ಇರುವುದರಿಂದ ನಡೆಯುತ್ತಿದೆ. ಆದರೆ ಜಗಲಿ ಒಂದು ಕಡೆ ಮುಗಿಯುತ್ತದಲ್ವಾ? ಅದರಾಚೆ ಸಮುದ್ರ, ಊರು.

ಮೂರು, ಅಲ್ಲಿಗೇ ನಿಲ್ಲಲಿಲ್ಲ. 2012ರ ನವೆಂಬರ್‌ನಲ್ಲಿ ರೋಡ್ ಬಂಕರನ್ನೇ ಬಲಕ್ಕೆ ಅರ್ಧ ಮೀಟರ್ ಅಗಲ ಮಾಡುವ, ಗ್ರೀನ್‌ನ ಮುಂಭಾಗದ ಸ್ವಲ್ಪ ನೆಲವನ್ನು ತಿದ್ದಿ ಚೆಂಡು ಬಂಕರ್ ಕಡೆ ಇನ್ನಷ್ಟು ಉರುಳುವಂತೆ ಮಾಡುವ ಕೆಲಸ ಶುರುವಾಯಿತು. ಆಗ ಎದ್ದ ಕೂಗು ನೋಡಬೇಕಿತ್ತು. ಜಗತ್ತಿನ ಕೋರ್ಸ್ ವಿನ್ಯಾಸಕಾರರು ಒಬ್ಬರಾದ ಮೇಲೆ ಒಬ್ಬರು ವಿರೋಧಿಸಿದರು. ಅರ್ಧ ಮೀಟರ್‌ಗೆ ಅಷ್ಟು ಕೂಗು, 40 ಗಜಕ್ಕೆ ಬರೀ ಗೊಣಗಾಟ. ಟೀ ಅಗ್ಗ ಅಂತ ಮೊದಲೇ ಹೇಳಿದೆನಲ್ಲ.

ನನ್ನ ತೀರ್ಪು ಕೇಳಿದರೆ, ಟೀ ಕೆಲಸ ಮಾಡಿದೆ. ಎರಡನೇ ಹೊಡೆತಕ್ಕೆ ಕೈ ನಡುಗುವುದು ಮತ್ತೆ ಶುರುವಾಗಿದೆ. ಆದರೆ ಅದು ಇರುವ ಜಾಗ ತಪ್ಪು, ಮತ್ತು ಆ ತಪ್ಪಿಗೆ ಟೀ ಇಟ್ಟವರಿಗಿಂತ ಚೆಂಡನ್ನು ಅಷ್ಟು ವರ್ಷ ಹಾರಲು ಬಿಟ್ಟವರು ಹೊಣೆ. ತಮಾಷೆ ಅಂದರೆ ಇಬ್ಬರೂ ಒಬ್ಬರೇ.

ಇದನ್ನು ನೋಡಿ ನಾವೂ ಹಿಂದೆ ಒಂದು ಟೀ ಮಾಡೋಣ ಅನ್ನುವ ಕ್ಲಬ್‌ಗಳಿಗೆ ಒಂದು ಮಾತು ನೆನಪಿಸಬೇಕು. ಸೇಂಟ್ ಆಂಡ್ರೂಸ್‌ನಲ್ಲಿ ಆ ಟೀ ದೊಡ್ಡ ಸ್ಪರ್ಧೆಗಳಿಗೆ ಮಾತ್ರ. ದಿನಾ ಬಂದು ಆಡುವವರು ಹಳೇ ಟೀಯಿಂದಲೇ ಆಡುತ್ತಾರೆ. 220 ಗಜ ಡ್ರೈವ್ ಹೊಡೆಯುವವನಿಗೆ ಆ ಗ್ರೀನ್ ಹೇಗೂ ಎರಡಕ್ಕೆ ಸಿಗುವುದಿಲ್ಲ. ಅವನನ್ನು 40 ಗಜ ಹಿಂದೆ ನಿಲ್ಲಿಸಿದರೆ ರಸ್ತೆಯ ಭಯ ಹೆಚ್ಚುವುದಿಲ್ಲ, ಶೆಡ್‌ಗೆ ಪೆಟ್ಟು ಬೀಳುವುದು ಹೆಚ್ಚುತ್ತದೆ.

ಚೆಂಡಿನ ವಿಷಯಕ್ಕೆ ಕೊನೆಗೂ ಕೈ ಹಾಕಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಚೆಂಡಿನ ಪರೀಕ್ಷೆಯನ್ನು ಬಿಗಿ ಮಾಡುವುದಾಗಿ ಹೇಳಿದವು. ಅವರ ಲೆಕ್ಕದಲ್ಲಿ ಅತಿ ಉದ್ದ ಹೊಡೆಯುವವರಿಗೆ 13ರಿಂದ 15 ಗಜ ಕಡಿಮೆಯಾಗುತ್ತದೆ. ಹದಿನೈದೇ ಅಂದುಕೊಂಡರೂ 40ರಲ್ಲಿ 25 ಗಜ ಬಾಕಿ ಉಳಿಯುತ್ತದೆ. ಓಪನ್ 2027ರಲ್ಲಿ ಮತ್ತೆ ಸೇಂಟ್ ಆಂಡ್ರೂಸ್‌ಗೆ ಬರುತ್ತಿದೆ. ಆಗಲೂ 16ರಲ್ಲಿ ಬಲಕ್ಕೆ ಹೋದ ಚೆಂಡಿಗೆ ದಂಡ ಕಟ್ಟಿದ ಯಾರೋ ಒಬ್ಬರು, ಗಡಿಯ ಅದೇ ಕಡೆಗೆ ನಡೆದುಹೋಗಿ, ಮುಂದಿನ ಹೋಲ್‌ಗೆ ಟೀ ಚುಚ್ಚುತ್ತಾರೆ.